ಚಂದ್ರದ್ರೋಣದ ಇಳಿಜಾರಿನಲ್ಲಿ ಮಣ್ಣಿನ ಮಜಲುಗಳು

ಚಿಕ್ಕಮಗಳೂರಿನಿಂದ ಗಿರಿಗೆ ಹೊರಟವರೆಲ್ಲ ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ನೋಡುವುದು ಕಣಿವೆಯ ಕಡೆಗೆ. ಮೋಡ, ಕಾಫಿ ತೋಟ, ದೂರದಲ್ಲಿ ಹೊಳೆಯುವ ಕೆರೆ ಎಲ್ಲ ಇರುವುದು ಆ ಬದಿಗೇ. ಇನ್ನೊಂದು ಬದಿಯಲ್ಲಿ, ರಸ್ತೆಗೆಂದು ಗುಡ್ಡ ಕಡಿದಾಗ ನಿಂತ ಧರೆ ಇದೆ. ಬಯಲುಸೀಮೆಯಲ್ಲಿ ಮಣ್ಣಿನ ಪದರ ನೋಡಬೇಕೆಂದರೆ ಆಳು ಹಚ್ಚಿ ಎರಡು ಮೀಟರ್ ಗುಂಡಿ ತೋಡಿಸಬೇಕು. ಇಲ್ಲಿ ಆ ಕೆಲಸವನ್ನು ಜೆಸಿಬಿ ಪುಕ್ಕಟೆ ಮಾಡಿಟ್ಟಿದೆ. ತಿರುವು ತಿರುವಿಗೂ ಧರೆಯ ಬಣ್ಣ ಬೇರೆ, ದಪ್ಪ ಬೇರೆ, ಕೈಗೆ ಹತ್ತುವ ರೀತಿಯೂ ಬೇರೆ. ಕಾರಿನ ಕಿಟಕಿಯಿಂದ ಎಲ್ಲವೂ ‘ಕೆಂಪು ಮಣ್ಣು’. ಇಳಿದು ನೋಡಿದರೆ ಆ ಮಾತು ನಿಲ್ಲುವುದಿಲ್ಲ.

ಚಂದ್ರದ್ರೋಣ ಎಂದೂ ಬಾಬಾಬುಡನ್‌ಗಿರಿ ಎಂದೂ ಕರೆಸಿಕೊಳ್ಳುವ ಈ ಸಾಲು ಅರ್ಧಚಂದ್ರದಂತೆ ಬಾಗಿದೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ (1,930 ಮೀಟರ್) ಇದರದೇ. ಬಾಗಿನ ಒಳಗೆ ಜಾಗರ ಕಣಿವೆ, ಅಲ್ಲಿಯ ನೀರು ಭದ್ರೆಗೆ. ಹೊರಗೆ ಪೂರ್ವದ ಮೈಯಿಂದ ಇಳಿಯುವ ವೇದಾ ಮತ್ತು ಆವತಿ ಕೂಡಿ ವೇದಾವತಿಯಾಗಿ ಬರದ ಸೀಮೆಯತ್ತ ಹೋಗುತ್ತವೆ. ಮುಂಗಾರು ಬಂದಾಗ ಒಂದು ಮೈ ವಾರಗಟ್ಟಲೆ ನೆನೆಯುತ್ತದೆ, ಇನ್ನೊಂದು ಮೈಗೆ ಸಿಗುವುದು ಅದರ ಉಳಿಕೆ. ಮಣ್ಣಿನ ವ್ಯತ್ಯಾಸಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಬಂಡೆಯಲ್ಲಿದೆ. ಬೆಟ್ಟದ ಬುಡದಲ್ಲಿ ಹರಡಿರುವುದು ನೈಸ್ ಶಿಲೆ, ಅದರ ಮೇಲೆ ಹಳೆಯ ಲಾವಾ ಮಾರ್ಪಟ್ಟು ಆದ ಹಸಿರುಗಪ್ಪು ಶಿಲೆ, ನೆತ್ತಿಯಲ್ಲಿ ಕಬ್ಬಿಣದ ಪಟ್ಟೆಶಿಲೆ. ಇವೆಲ್ಲ 270 ಕೋಟಿ ವರ್ಷಕ್ಕೂ ಹಿಂದಿನವು. ಧಾರವಾಡ ಶಿಲಾಸಮೂಹದ ಕೆಳಪದರಗಳಿಗೆ ಭೂವಿಜ್ಞಾನಿಗಳು ಇಟ್ಟಿರುವುದು ಈ ಗಿರಿಯ ಹೆಸರನ್ನೇ.

ಮಣ್ಣು ಇಳಿಯುವುದು ಮೇಲಿನಿಂದ, ಹಾಗಾಗಿ ನಾವೂ ತುದಿಯಿಂದಲೇ ಶುರುಮಾಡೋಣ. ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಸೀತಾಳಯ್ಯನಗಿರಿಯ ಆಚೆಗಿನ ಹುಲ್ಲುಗಾವಲಿನಲ್ಲೋ ಕಾಲುದಾರಿ ಸವೆದ ಕಡೆ ನೋಡಿ. ಒಂದು ಗೇಣು ಕಪ್ಪು ಮಣ್ಣು, ತುಂಬ ನೊರಜು, ಅದರ ಕೆಳಗೆ ನೇರ ಬಂಡೆ. ಒಂದು ಚೂರು ಕಲ್ಲೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಅಂಚಿನಲ್ಲಿ ಬಿಳಿ ಸ್ಫಟಿಕದ ಗೆರೆ, ಕಪ್ಪು ಕಬ್ಬಿಣದ ಗೆರೆ, ಮತ್ತೆ ಬಿಳಿ, ಮತ್ತೆ ಕಪ್ಪು. ಹಳೆಯ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ಜೇಬಿನಲ್ಲಿದ್ದರೆ ಹಿಡಿದು ನೋಡಬಹುದು, ಕಪ್ಪು ಗೆರೆಯಲ್ಲಿ ಮ್ಯಾಗ್ನೆಟೈಟ್ ಉಳಿದಿದ್ದರೆ ಅಂಟಿಕೊಳ್ಳುತ್ತದೆ. ಈ ಶಿಲೆ ಸುಲಭಕ್ಕೆ ಕರಗುವ ಜಾತಿಯದಲ್ಲ. ಕರಗಿದ ಅಷ್ಟಿಷ್ಟನ್ನೂ ಮಳೆ, ಗಾಳಿ ಎರಡೂ ಸೇರಿ ಕೆಳಗೆ ಸಾಗಿಸುತ್ತವೆ. 50 ಸೆಂಟಿಮೀಟರಿನೊಳಗೆ ಗಟ್ಟಿ ಬಂಡೆ ಸಿಕ್ಕಿದರೆ ವರ್ಗೀಕರಣದಲ್ಲಿ ಮಣ್ಣಿನ ಹೆಸರಿನ ಮುಂದೆ ‘ಲಿಥಿಕ್’ ಎಂಬ ವಿಶೇಷಣ ಸೇರುತ್ತದೆ. ಎಂಟಿಸಾಲ್, ಇನ್ಸೆಪ್ಟಿಸಾಲ್ ಎಂಬ ಎಳೆಯ ಮಣ್ಣುಗಳ ಗುಂಪು ಇದು. ಬಂಡೆ ಅಷ್ಟು ಪುರಾತನವಾದರೂ ಮೇಲಿನ ಮಣ್ಣು ಎಳೆಯದು, ಏಕೆಂದರೆ ಅದಕ್ಕೆ ಒಂದೆಡೆ ನಿಂತು ಬಲಿಯಲು ಪುರುಸೊತ್ತೇ ಸಿಕ್ಕಿಲ್ಲ.

ಅದೇ ಎತ್ತರದಲ್ಲಿ, ಎರಡು ಬೋರೆಗಳ ನಡುವಿನ ಮಡಿಕೆಯಲ್ಲಿ ಶೋಲಾ ಕಾಡು ಇದೆ. ಗಾಳಿ ತಟ್ಟದ, ನೀರು ಒಸರುವ ಜಾಗ. ಅಲ್ಲಿ ದರಗು ಸರಿಸಿದರೆ ಕೈ ಮೊಣಕೈವರೆಗೆ ಇಳಿದರೂ ಕಪ್ಪು ಗೋಡು ಮುಗಿಯದು. ಚಳಿಯಲ್ಲಿ ಎಲೆ ಕೊಳೆಯುವುದು ನಿಧಾನ. ಕೊಳೆತದ್ದನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಹುಲ್ಲಿನ ಮೈಗೂ ಈ ಮಡಿಕೆಗೂ ಕೂಗಳತೆಯ ದೂರ, ಮಣ್ಣು ಮಾತ್ರ ಬೇರೆಯೇ.

ಕೆಳಗಿಳಿದು ಅತ್ತಿಗುಂಡಿಯ ಸುತ್ತಿನ ತೋಟಗಳಿಗೆ ಬಂದರೆ ನಿಜವಾದ ಕೆಂಪು ಶುರು. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದರೆಂಬ ಪ್ರತೀತಿ ಎಲ್ಲರ ಬಾಯಲ್ಲೂ ಇದೆ. ಬೀಜಕ್ಕೆ ಸಂದ ಕೀರ್ತಿಯಲ್ಲಿ ಈ ಮಣ್ಣಿಗೆ ಕಾಲುಪಾಲೂ ಸಂದಿಲ್ಲವೆಂಬುದು ನನ್ನ ತಕರಾರು. ಲಾವಾ ಶಿಲೆ ಬೇಗ ಕರಗುತ್ತದೆ, ಆಳವಾಗಿ ಕರಗುತ್ತದೆ. ಅದರಲ್ಲಿದ್ದ ಕಬ್ಬಿಣ ಹೆಮಟೈಟ್ ಆಗಿ ಕೆಂಪು ಕೊಡುತ್ತದೆ, ತೇವ ಹೆಚ್ಚಿರುವ ಕಡೆ ಗೋಯೆಥೈಟ್ ಆಗಿ ಹಳದಿ. ಧರೆಯಿಂದ ಒಂದು ಹಿಡಿ ಕಿತ್ತು ಬೆರಳಲ್ಲಿ ಪುಡಿಮಾಡಿದರೆ ಮೊದಲು ಮರಳುಮರಳು ಅನ್ನಿಸುತ್ತದೆ. ನಾಲ್ಕು ಹನಿ ನೀರು ಹಾಕಿ ಚೆನ್ನಾಗಿ ನಾದಿ ನೋಡಿ: ಮರಳು ಮಾಯವಾಗಿ ಜಿಗುಟು ಜೇಡಿ ಉಳಿಯುತ್ತದೆ. ಜೇಡಿಯ ಕಣಗಳನ್ನು ಕಬ್ಬಿಣ ಸಣ್ಣಸಣ್ಣ ಗುಳಿಗೆಗಳಾಗಿ ಬೆಸೆದಿರುವುದರಿಂದ ಈ ಮೋಸ. ತೋಟಕ್ಕೆ ಇದು ಒಳ್ಳೆಯದೇ, ಜೇಡಿಯಾದರೂ ನೀರು ಬಸಿದು ಹೋಗುತ್ತದೆ, ಬೇರಿಗೆ ಉಸಿರಾಡಲು ಜಾಗವಿರುತ್ತದೆ.

ಇನ್ನೂ ಸ್ವಲ್ಪ ಆಳದ ಹೆಂಟೆಯೊಂದನ್ನು ಒಡೆದು ಬಿಸಿಲಿಗೆ ಹಿಡಿದರೆ ಒಡೆದ ಮೈಮೇಲೆ ತೆಳ್ಳಗೆ ಮೇಣ ಸವರಿದ ಹಾಗೆ ಹೊಳಪು. ಮೇಲಿನ ಪದರದ ಜೇಡಿಯನ್ನು ಮಳೆನೀರು ತೊಳೆದು ತಂದು ಇಲ್ಲಿ ಲೇಪಿಸಿದೆ. ವರ್ಗೀಕರಣ ಮಾಡುವವರು ಭೂತಗನ್ನಡಿ ಹಿಡಿದು ಹುಡುಕುವುದು ಇದನ್ನೇ. ಜೇಡಿ ಹೀಗೆ ಕೆಳಗೆ ಕೂಡಿಕೊಂಡಿದೆ ಎಂದರೆ ಮಣ್ಣು ಬಹುಕಾಲ ಅಲುಗದೆ ನಿಂತಿತ್ತು ಎಂದರ್ಥ. ಮುಂದಿನ ಪ್ರಶ್ನೆ ಪ್ರಯೋಗಾಲಯದ್ದು: ಆಳದ ಪದರದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳಂಥ ಪ್ರತ್ಯಾಮ್ಲ ಧಾತುಗಳು ಎಷ್ಟು ಉಳಿದಿವೆ? ಮಣ್ಣಿನ ಹಿಡಿಯುವ ಶಕ್ತಿಯಲ್ಲಿ ಶೇ. 35ಕ್ಕಿಂತ ಹೆಚ್ಚು ಭಾಗ ಅವುಗಳದ್ದಾದರೆ ಆಲ್ಫಿಸಾಲ್, ಕಡಿಮೆಯಾದರೆ ಅಲ್ಟಿಸಾಲ್. 1975ರಲ್ಲಿ ಅಮೆರಿಕದ ಕೃಷಿ ಇಲಾಖೆ ಹೊರತಂದ ‘ಸಾಯಿಲ್ ಟ್ಯಾಕ್ಸಾನಮಿ’ಯ ಲೆಕ್ಕ ಇದು. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆ ನಮ್ಮ ರಾಜ್ಯದ ನಕ್ಷೆ ಮಾಡುವಾಗ ಬಳಸಿದ್ದೂ ಇದನ್ನೇ. ಕೇಳಿದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಹಾಗಿದೆ, ಒಪ್ಪಿದೆ. ಆದರೆ ತೋಟದವನ ಜೇಬಿಗೆ ನೇರ ತಾಗುವ ಮಾತು ಅದರಲ್ಲಿದೆ. ಅಲ್ಟಿಸಾಲ್ ಎಂದರೆ ಹುಳಿ ಹೆಚ್ಚು, ಸುಣ್ಣ ಬೇಕೇ ಬೇಕು. ಹಾಕಿದ ರಂಜಕವನ್ನು ಕಬ್ಬಿಣ ಕಚ್ಚಿಕೊಂಡು ಗಿಡಕ್ಕೆ ಬಿಡುವುದಿಲ್ಲ. ಮಳೆ ಕಡಿಮೆಯಾಗುವ ಪೂರ್ವದ ಮೈಯಲ್ಲಿ ಇಳಿದಂತೆ ಆಲ್ಫಿಸಾಲಿನ ಕಡೆಗೆ ವಾಲುತ್ತದೆ, ಅಲ್ಲಿ ಅದೇ ಪ್ರಮಾಣದ ಸುಣ್ಣ ದಂಡ.

ಇಳಿಜಾರು ತಿರುಗಿ ಸಮವಾಗುವ ಜಾಗರದ ತಳದಲ್ಲಿ ಕಥೆ ಮತ್ತೆ ಬದಲು. ಮೇಲಿನಿಂದ ಜಾರಿದ್ದು, ತೊಳೆದು ಬಂದದ್ದು ಎಲ್ಲ ಇಲ್ಲಿ ಠೇವಣಿ. ಹಳ್ಳದ ಅಂಚಿನ ಗದ್ದೆಯಲ್ಲಿ ನೀರು ನಿಂತು ಗಾಳಿ ಸಿಗದೆ ಕಬ್ಬಿಣ ಬಣ್ಣ ಕಳೆದುಕೊಳ್ಳುತ್ತದೆ. ಬೂದುಬಣ್ಣದ ಮಣ್ಣು, ನಡುನಡುವೆ ಬೇರಿನ ದಾರಿಗುಂಟ ತುಕ್ಕಿನ ಗೆರೆ. ನೆತ್ತಿಯಿಂದ ತಳದವರೆಗೆ ಒಂದರ ಕೈ ಒಂದು ಹಿಡಿದು ಇಳಿಯುವ ಈ ಮಣ್ಣುಸಾಲಿಗೆ ಜೆಫ್ರಿ ಮಿಲ್ನ್ 1935ರಲ್ಲಿ ‘ಕೆಟೀನಾ’ ಎಂದು ಹೆಸರಿಟ್ಟ. ಅವನು ಅದನ್ನು ಕಂಡದ್ದು ಪೂರ್ವ ಆಫ್ರಿಕಾದ ಗುಡ್ಡಗಳಲ್ಲಿ.

ಸಾಲಿನ ಉತ್ತರ ತುದಿಯ ಕೆಮ್ಮಣ್ಣುಗುಂಡಿಯಲ್ಲಿ ಮಣ್ಣನ್ನು ಬೇರೆಯೇ ಕಣ್ಣಿಂದ ನೋಡಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ತಾಣವೆಂದು ಎಲ್ಲರಿಗೂ ಗೊತ್ತು. 1923ರಲ್ಲಿ ಉರಿಯತೊಡಗಿದ ಭದ್ರಾವತಿಯ ಕುಲುಮೆಗೆ ಅದಿರು ಹೋದದ್ದೂ ಇಲ್ಲಿಂದಲೇ. ಪಟ್ಟೆಶಿಲೆಯ ಸ್ಫಟಿಕವನ್ನು ಮಳೆ ಯುಗಗಟ್ಟಲೆ ತೊಳೆದು ಕಬ್ಬಿಣವನ್ನಷ್ಟೇ ಉಳಿಸಿದ ಜಾಗ ಅದು. ಕೃಷಿಕನಿಗೆ ಬಡ ಮಣ್ಣು, ಕಾರ್ಖಾನೆಗೆ ಅದಿರು. ಈಗ ಗಣಿ ಇಲ್ಲ, ತೋಟಗಾರಿಕೆ ಇಲಾಖೆಯ ಗುಲಾಬಿಗಳಿವೆ.

ಧರೆ ನೋಡುವವರು ಅದು ಜರುಗುವುದನ್ನೂ ತಿಳಿದಿರಬೇಕು. ಮೇಲಿನ ಕೆಂಪು ಪದರ ನೀರನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಅದರ ಕೆಳಗಿನ ಅರೆಕೊಳೆತ ಬಂಡೆ, ಮುಟ್ಟಿದರೆ ನುಣುಪಾದ ಹಳದಿ ಬಿಳಿ ಶೇಡಿ, ಬಿಡುವುದಿಲ್ಲ. ಸತತ ಮಳೆಯಲ್ಲಿ ಎರಡರ ನಡುವೆ ನೀರು ತುಂಬಿ ಮೇಲಿನ ಹೊರೆ ಹಿಡಿತ ತಪ್ಪುತ್ತದೆ. ಬುಡ ಕಡಿದು ರಸ್ತೆ, ಹೋಂಸ್ಟೇ ಮಾಡಿದ ಕಡೆ ಆನಿಕೆಯೂ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಈ ಬಗೆಯ ಮಣ್ಣಿನ ಮಾತು ಪತ್ರಿಕೆಗಳಲ್ಲಿ ಬಂದು ಹೋಯಿತು. ಕವಿಕಲ್ ಗಂಡಿಯ ಆಸುಪಾಸಿನಲ್ಲಿ ಜೋರು ಮಳೆಗಾಲದಲ್ಲಿ ಧರೆಯ ಬುಡಕ್ಕೆ ಗಾಡಿ ನಿಲ್ಲಿಸದಿರುವುದೇ ಕ್ಷೇಮ. ಪದರ ನೋಡಲು ಒಳ್ಳೆಯ ಕಾಲ ಮಳೆ ಬಿಟ್ಟ ಮೇಲಿನ ವಾರಗಳು. ಧರೆ ಇನ್ನೂ ಹಸಿಯಾಗಿದ್ದು ಬಣ್ಣ ಎದ್ದು ಕಾಣುತ್ತದೆ, ಪಾಚಿ ಒಣಗತೊಡಗಿರುತ್ತದೆ.

ತೋಟದ ಹಳಬರು ಈ ಇಳಿಜಾರನ್ನು ಚೆನ್ನಾಗಿ ಓದಿದ್ದರು. ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ ತೋಡುವ ತೊಟ್ಟಿಲು ಗುಂಡಿ, ನೆರಳಿನ ಹಾಲುವಾಣ, ತೆಗೆಯದೆ ಬಿಟ್ಟ ದರಗು ಎಲ್ಲವೂ ಮಣ್ಣನ್ನು ಇದ್ದಲ್ಲೇ ಇರಿಸುವ ಉಪಾಯ. ಸರ್ಕಾರಿ ಲೆಕ್ಕ ಅಷ್ಟು ಸೂಕ್ಷ್ಮವಾಗಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿ ಎಂದಿತು. ಬಯಲಿಗೆ ಅದು ನಡೆದೀತು. ಗಿರಿಯ ಮೈಯಲ್ಲಿ 10 ಹೆಕ್ಟೇರ್ ಎಂದರೆ ಮೇಲಂಚಿನ ನೊರಜು, ನಡುವಿನ ಕೆಂಪು, ಹಳ್ಳದ ಬೂದು ಮೂರೂ ಒಳಗೆ ಬಂದುಬಿಡುತ್ತವೆ. ಮೂರನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿ ಕಳಿಸಿದರೆ ಬರುವ ಅಂಕಿ ಆ ಮೂರರಲ್ಲಿ ಯಾವ ಮಣ್ಣಿನದೂ ಆಗಿರುವುದಿಲ್ಲ. ಕೊಯ್ಲು ಮುಗಿದು ಹೂಮಳೆ ಬೀಳುವ ಮುನ್ನ, ಸುಣ್ಣ ಗೊಬ್ಬರ ಹಾಕದ ಸಮಯ ನೋಡಿ, ಬೋರೆಗೊಂದು, ನಡುಮೈಗೊಂದು, ಹಳ್ಳಕ್ಕೊಂದು ಎಂದು ಬೇರೆಬೇರೆ ಚೀಲ ಕಟ್ಟಿಸುವ ಬೆಳೆಗಾರರು ಸುಣ್ಣದ ಲೆಕ್ಕವನ್ನೂ ಹಾಗೆಯೇ ಮೂರು ಮಾಡಿಕೊಳ್ಳುತ್ತಾರೆ.