ಬಳೆ ಬಿಚ್ಚಿ ಕೊಡುವ ಮೊದಲು ಲೆಕ್ಕ ಕೇಳಿ

ಇಂಡಿ, ಸಿಂದಗಿಯ ನಿಂಬೆ ತೋಟದ ಮನೆಯಿರಲಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಅಂಗಡಿಕಾರರ ಮನೆಯಿರಲಿ, ಕಷ್ಟಕಾಲಕ್ಕೆಂದು ಕೂಡಿಟ್ಟ ನಾಲ್ಕು ಕಾಸು, ಎರಡು ಬಳೆ ಮನೆಯೊಡತಿಯ ಬಳಿಯೇ ಇರುತ್ತವೆ. ಈಗ ಮಗನೋ ಮೈದುನನೋ ಮೊಬೈಲ್ ತೋರಿಸಿ, "ಡಾಲರ್ ವ್ಯಾಪಾರಕ್ಕೆ ಖರ್ಚೇ ಇಲ್ಲ, ನಿಫ್ಟಿ ಫ್ಯೂಚರ್ಸ್‌ನಲ್ಲಿ ದಿನಾ ಗಳಿಕೆ" ಎನ್ನುತ್ತಾನೆ. ಸಹೋದರಿಯರೇ, ಎರಡರ ಲೆಕ್ಕವನ್ನೂ ನೀವೇ ತಿಳಿದುಕೊಳ್ಳಿ.

ಫ್ಯೂಚರ್ಸ್ ಎಂದರೆ ಮುಂದಿನ ತಾರೀಖಿನ ವ್ಯವಹಾರಕ್ಕೆ ಇಂದೇ ಬೆಲೆ ನಿಗದಿ ಮಾಡುವ ಕರಾರು. ಮಾರ್ಜಿನ್ ಎಂಬ ಸಣ್ಣ ಠೇವಣಿ ಕಟ್ಟಿದರೆ ಸಾಕು. ಆದರೆ ಲಾಭ-ನಷ್ಟ ಪೂರ್ತಿ ಕರಾರಿನ ಮೇಲೆ. ಅಪಾಯದ ಬೇರು ಇರುವುದು ಇಲ್ಲಿಯೇ.

ಮೊದಲು ಸೂಚ್ಯಂಕ. 2024ರ ನವೆಂಬರ್‌ನಿಂದ ಸೆಬಿಯು ಹೊಸ ಕರಾರಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿತು. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ ಸುಮಾರು ಶೇ. 6ರಷ್ಟು ಕುಸಿಯಿತು. ಅಂಥ ಒಂದು ದಿನ 15 ಲಕ್ಷದ ಕರಾರಿನಲ್ಲಿ 90 ಸಾವಿರ ರೂಪಾಯಿ ಹೋಗುತ್ತದೆ. ದಲ್ಲಾಳಿ ಶುಲ್ಕ, ಎಕ್ಸ್‌ಚೇಂಜ್ ಶುಲ್ಕ, ಜಿಎಸ್‌ಟಿ, ಎಸ್‌ಟಿಟಿ ತೆರಿಗೆಗಳನ್ನು ಗೆದ್ದರೂ ಸೋತರೂ ಕಟ್ಟಬೇಕು. ಸೆಬಿಯ 2024ರ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಶೇರು ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಬಿಡಿ ವ್ಯಾಪಾರಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಇನ್ನು ಡಾಲರ್. ನಮ್ಮ ದೇಶದ ಎಕ್ಸ್‌ಚೇಂಜಿನಲ್ಲಿ ಕರೆನ್ಸಿ ಫ್ಯೂಚರ್ಸ್ 2008ರ ಆಗಸ್ಟ್‌ನಲ್ಲಿ ಆರಂಭವಾಯಿತು. ಒಂದು ಕರಾರು 1,000 ಡಾಲರ್. ಬೆಲೆ ಒಂದು ರೂಪಾಯಿ ಬದಲಾದರೆ 1,000 ರೂಪಾಯಿ ಲಾಭ ಅಥವಾ ನಷ್ಟ. ಎಸ್‌ಟಿಟಿ ಇಲ್ಲ. ಲೆಕ್ಕದಲ್ಲಿ ಇದು ಅಗ್ಗ, ಏರಿಳಿತವೂ ಕಡಿಮೆ. ಆದರೆ ಇದು ನಿಜವಾದ ವಿದೇಶಿ ವ್ಯವಹಾರ ಇದ್ದವರಿಗೆ ಮಾತ್ರ ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಸ್ಪಷ್ಟಪಡಿಸಿತು. ಒಣದ್ರಾಕ್ಷಿ ರಫ್ತು ಮಾಡಿ ಮೂರು ತಿಂಗಳ ನಂತರ ಡಾಲರ್ ಪಡೆಯುವವರಿಗೆ ಅದು ರಕ್ಷಣೆ. ನಮ್ಮ ನಿಮ್ಮಂಥವರಿಗಲ್ಲ.

ಹಾಗಾದರೆ ಮೊಬೈಲಿನಲ್ಲಿ ಕಾಣುವುದೇನು? ಹೆಚ್ಚಾಗಿ ಹೊರದೇಶದ ಅನಧಿಕೃತ ಆ್ಯಪ್. ಇಂಥವುಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರಿಂದ ಪ್ರಕಟಿಸುತ್ತಿದೆ. ಅಲ್ಲಿ ವ್ಯವಹರಿಸಿದವರ ಮೇಲೂ ಫೆಮಾ ಕಾನೂನಿನ ಕ್ರಮ ಆಗಬಹುದು. ಕಮಿಷನ್ ಇಲ್ಲ ಎನ್ನುತ್ತಾರೆ. ಕೊಳ್ಳುವ-ಮಾರುವ ಬೆಲೆಗಳ ಅಂತರದಲ್ಲಿ ವಸೂಲು ಮಾಡುತ್ತಾರೆ. ನೂರು ಪಟ್ಟು ವ್ಯವಹಾರಕ್ಕೆ ಬಿಟ್ಟರೆ ಶೇ. 1ರ ಇಳಿತಕ್ಕೇ ಹಾಕಿದ್ದೆಲ್ಲ ಮುಗಿಯಿತು. 2015ರ ಜನವರಿ 15ರಂದು ಸ್ವಿಸ್ ಫ್ರಾಂಕ್ ಹಠಾತ್ತನೆ ಏರಿದಾಗ ಅನೇಕರು ಹಾಕಿದ್ದನ್ನು ಕಳೆದುಕೊಂಡದ್ದಲ್ಲದೆ ಸಾಲಗಾರರೂ ಆದರು.

ಧಾರ್ಮಿಕ ನೋಟವೂ ಸ್ಪಷ್ಟವಿದೆ. ಸೂಚ್ಯಂಕದ ಕ್ರಯವಿಕ್ರಯ ಬರೀ ಜೂಜು ಎಂದು ಜಿದ್ದಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲಿ ತೀರ್ಮಾನಿಸಿತು. ನಾಣ್ಯ ವಿನಿಮಯ ಕೈಯಿಂದ ಕೈಗೆ ನಡೆಯಬೇಕೆಂಬುದು ಫಿಕ್ಹ್‌ನ ನಿಯಮ. ಆ್ಯಪ್‌ಗಳಲ್ಲಿ ರಾತ್ರಿ ದಾಟಿದ ವ್ಯವಹಾರಕ್ಕೆ ಬಡ್ಡಿಯೂ ಸೇರುತ್ತದೆ.

ಆದ್ದರಿಂದ ಮಗನನ್ನು ಗದರಿಸಬೇಡಿ, ಕೂರಿಸಿಕೊಂಡು ಕೇಳಿ: ಇದಕ್ಕೆ ಅನುಮತಿ ಯಾರದು? ಒಂದೇ ದಿನದಲ್ಲಿ ಗರಿಷ್ಠ ನಷ್ಟ ಎಷ್ಟು? ಅದನ್ನು ತುಂಬುವವರು ಯಾರು? ಈಗಾಗಲೇ ಮೋಸ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಹೋದ ಹಣಕ್ಕಿಂತ, ಅದನ್ನು ಮರಳಿ ಗಳಿಸಲು ಮತ್ತೆ ಹಾಕುವ ಹಣವೇ ಮನೆ ಮುರಿಯುವುದು.