ಟ್ರೋಫಿಯಸ್

ಟ್ರೋಫಿಯಸ್ ಎಂಬುದು ಸಿಕ್ಲಿಡ್ ಕುಟುಂಬಕ್ಕೆ ಸೇರಿದ ಸಿಹಿನೀರಿನ ಮೀನುಗಳ ಒಂದು ಕುಲ. ಆಫ್ರಿಕಾದ ಟಾಂಗನೀಕಾ ಸರೋವರವೊಂದೇ ಇವುಗಳ ನೈಸರ್ಗಿಕ ನೆಲೆ. ಪ್ರಾಣಿಶಾಸ್ತ್ರಜ್ಞ ಜಾರ್ಜ್ ಆಲ್ಬರ್ಟ್ ಬೂಲೆಂಜರ್ ೧೮೯೮ರಲ್ಲಿ ಈ ಕುಲವನ್ನು ಮೊದಲು ವರ್ಣಿಸಿದರು. ಟ್ರೋಫಿಯಸ್ ಮೂರಿ ಮತ್ತು ಟ್ರೋಫಿಯಸ್ ಡುಬೋಯ್ಸಿ ಪ್ರಭೇದಗಳನ್ನು ಮನೆಯ ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ಸಾಕುತ್ತಾರೆ. ದಕ್ಷಿಣ ಕನ್ನಡದ ನದಿಗಳಲ್ಲಿರುವ ಎಟ್ರೋಪ್ಲಸ್ ಕನಾರೆನ್ಸಿಸ್ ಮೀನು ಕೂಡ ಇದೇ ಕುಟುಂಬಕ್ಕೆ ಸೇರಿದೆ.

ವಾಸಸ್ಥಾನ

ಟಾಂಗನೀಕಾ ಸರೋವರದ ಗರಿಷ್ಠ ಆಳ ಸುಮಾರು ೧,೪೭೦ ಮೀಟರ್. ಆದರೆ ಟ್ರೋಫಿಯಸ್‌ಗಳು ಬಿಸಿಲು ತಲುಪುವ, ಬಂಡೆಗಳಿಂದ ಕೂಡಿದ ದಡದ ನೀರಿನಲ್ಲಿ ಮಾತ್ರ ಬದುಕುತ್ತವೆ. ಬಂಡೆಗಳ ಮೇಲೆ ಬೆಳೆಯುವ ಪಾಚಿಯೇ ಇವುಗಳ ಮುಖ್ಯ ಆಹಾರ. ಒಂದು ಬಂಡೆಸಾಲಿಗೂ ಇನ್ನೊಂದಕ್ಕೂ ನಡುವೆ ಇರುವ ಮರಳು ಅಥವಾ ಆಳವಾದ ನೀರನ್ನು ಇವು ಸುಲಭವಾಗಿ ದಾಟುವುದಿಲ್ಲ. ಆದ್ದರಿಂದ ಒಂದೊಂದು ದಡದ ಮೀನಿಗೂ ತನ್ನದೇ ಆದ ಬಣ್ಣ ಬಂದಿದೆ.

ಜೀರ್ಣಾಂಗ ಮತ್ತು ಆಹಾರ

ಪಾಚಿಯಲ್ಲಿ ಪೌಷ್ಟಿಕಾಂಶ ಕಡಿಮೆ. ಅದು ಜೀರ್ಣವಾಗುವುದೂ ನಿಧಾನ. ಅದಕ್ಕೆ ತಕ್ಕಂತೆ ಟ್ರೋಫಿಯಸ್‌ನ ಕರುಳು ದೇಹದ ಉದ್ದಕ್ಕಿಂತ ಹಲವು ಪಟ್ಟು ಉದ್ದವಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ನಿಸರ್ಗದಲ್ಲಿ ಇವು ಹಗಲಿಡೀ ಬಂಡೆಯನ್ನು ಮೇಯುತ್ತವೆ. ತೊಟ್ಟಿಯಲ್ಲಿಯೂ ಈ ಸ್ವಭಾವ ಮಾಯವಾಗುವುದಿಲ್ಲ: ಸಾಕುವವರು ಹತ್ತಿರ ಬಂದೊಡನೆ ಮೀನುಗಳು ಗಾಜಿನ ಬಳಿ ಮುಗಿಬೀಳುತ್ತವೆ. ಇದನ್ನು ಹಸಿವೆಂದು ತಿಳಿದು ಮತ್ತೆ ಮತ್ತೆ ಆಹಾರ ಹಾಕುವುದು ಅವುಗಳ ಪ್ರಾಣಕ್ಕೆ ಎರವಾಗಬಹುದು.

ಸ್ಪಿರುಲಿನ ಪಾಚಿಯಿಂದ ತಯಾರಿಸಿದ ಆಹಾರವನ್ನು, ಒಂದೆರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಅಲ್ಪ ಪ್ರಮಾಣದಲ್ಲಿ, ದಿನಕ್ಕೆ ಎರಡು ಮೂರು ಬಾರಿ ಕೊಡುವುದು ಉತ್ತಮ. ದನದ ಹೃದಯದ ಮಾಂಸ, ಕೆಂಪು ಹುಳು ಮುಂತಾದ ಮಾಂಸಾಹಾರವನ್ನು ಕೊಡಬಾರದು.

ಹೊಟ್ಟೆಯುಬ್ಬರ

ಟ್ರೋಫಿಯಸ್‌ಗಳನ್ನು ಅತಿಯಾಗಿ ಕಾಡುವ ಕಾಯಿಲೆ ಹೊಟ್ಟೆಯುಬ್ಬರ. ಒಗ್ಗದ ಆಹಾರ, ಕೆಟ್ಟ ನೀರು, ಸಾಗಣೆಯ ಆಯಾಸ, ಜೊತೆಯ ಮೀನುಗಳ ಕಿರುಕುಳ ಇವೆಲ್ಲ ಇದಕ್ಕೆ ದಾರಿ ಮಾಡಿಕೊಡುತ್ತವೆ. ಆಹಾರವನ್ನು ಬಾಯಿಗೆ ತೆಗೆದುಕೊಂಡು ಉಗುಳುವುದು, ಮೂಲೆ ಸೇರುವುದು, ಬಿಳಿಯ ದಾರದಂತಹ ಮಲ ಇವು ಆರಂಭದ ಲಕ್ಷಣಗಳು. ಹೊಟ್ಟೆ ಊದಿಕೊಂಡ ಮೇಲೆ ಮೀನು ಉಳಿಯುವುದು ಅಪರೂಪ. ಆದ್ದರಿಂದ ಆಹಾರ ಹಾಕುವ ಹೊತ್ತಿನಲ್ಲಿ ಪ್ರತಿಯೊಂದು ಮೀನೂ ತಿನ್ನುತ್ತಿದೆಯೇ ಎಂದು ಗಮನಿಸುವುದು ಅಗತ್ಯ.

ತೊಟ್ಟಿ ಮತ್ತು ನೀರು

ಕನಿಷ್ಠ ನಾಲ್ಕು ಅಡಿ ಉದ್ದದ, ಸುಮಾರು ೩೦೦ ಲೀಟರ್ ನೀರು ಹಿಡಿಯುವ ತೊಟ್ಟಿ ಬೇಕು. ಉಷ್ಣಾಂಶ ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್, ಪಿಎಚ್ ೮.೫ರಿಂದ ೯ ಇರಬೇಕು. ಮೆದು ನೀರಿರುವ ಕಡೆ ಸುಣ್ಣಕಲ್ಲು ಅಥವಾ ಹವಳದ ಮರಳನ್ನು ಬಳಸಿ ಗಡಸುತನವನ್ನು ಹೆಚ್ಚಿಸುತ್ತಾರೆ. ಕ್ಷಾರೀಯ ನೀರಿನಲ್ಲಿ ಮೀನಿನ ತ್ಯಾಜ್ಯದ ಹೆಚ್ಚಿನ ಪಾಲು ವಿಷಕಾರಿ ಅಮೋನಿಯ ರೂಪದಲ್ಲಿ ಉಳಿಯುವುದರಿಂದ, ಸಮರ್ಥ ಶೋಧಕ ಮತ್ತು ವಾರಕ್ಕೊಮ್ಮೆ ಮೂರನೆಯ ಒಂದು ಭಾಗದಷ್ಟು ನೀರಿನ ಬದಲಾವಣೆ ಇಲ್ಲಿ ಅನಿವಾರ್ಯ.

ಗುಂಪಿನ ಜೀವನ

ಟ್ರೋಫಿಯಸ್‌ಗಳು ಜಗಳಗಂಟಿಗಳು. ಮೂರು ನಾಲ್ಕು ಮೀನುಗಳನ್ನಷ್ಟೇ ಇಟ್ಟರೆ ಬಲಶಾಲಿಯಾದದ್ದು ಉಳಿದವುಗಳನ್ನು ಅಟ್ಟಾಡಿಸಿ ಕೊಲ್ಲಬಹುದು. ಹದಿನೈದು ಇಪ್ಪತ್ತು ಮೀನುಗಳ ಗುಂಪಿನಲ್ಲಿ ಈ ಆಕ್ರಮಣ ಹಂಚಿಹೋಗುತ್ತದೆ. ಒಮ್ಮೆ ನೆಲೆಗೊಂಡ ಗುಂಪಿಗೆ ಹೊಸ ಮೀನನ್ನು ಸೇರಿಸುವುದು ಅಪಾಯಕರ. ಎಲ್ಲವನ್ನೂ ಮರಿಗಳಿದ್ದಾಗಲೇ ಒಟ್ಟಿಗೆ ಬಿಡುವುದು ವಾಡಿಕೆ.

ಸಂತಾನೋತ್ಪತ್ತಿ

ಹೆಣ್ಣು ಮೀನು ತಾನಿಟ್ಟ ಕೆಲವೇ ದೊಡ್ಡ ಮೊಟ್ಟೆಗಳನ್ನು ಬಾಯಿಯಲ್ಲಿ ಇಟ್ಟುಕೊಂಡು ಸುಮಾರು ನಾಲ್ಕು ವಾರ ಕಾಪಾಡುತ್ತದೆ. ಆ ಅವಧಿಯಲ್ಲಿ ತಾಯಿ ಕೊಂಚ ಆಹಾರ ಸೇವಿಸುವುದುಂಟು; ಅದು ಬಾಯೊಳಗಿನ ಮರಿಗಳಿಗೂ ದೊರೆಯುತ್ತದೆ. ಡುಬೋಯ್ಸಿ ಮರಿಗಳು ಕಪ್ಪು ಮೈಮೇಲೆ ಬಿಳಿ ಚುಕ್ಕೆಗಳನ್ನು ಹೊಂದಿದ್ದು, ಬೆಳೆದಂತೆ ಆ ಚುಕ್ಕೆಗಳು ಮಾಯವಾಗುತ್ತವೆ. ಬೇರೆ ಬೇರೆ ದಡದ ಬಗೆಗಳು ಒಂದೇ ತೊಟ್ಟಿಯಲ್ಲಿದ್ದರೆ ಬೆರಕೆ ಮರಿಗಳು ಹುಟ್ಟುವುದರಿಂದ, ಒಂದು ತೊಟ್ಟಿಯಲ್ಲಿ ಒಂದೇ ಬಗೆಯನ್ನು ಸಾಕುವುದು ಸೂಕ್ತ.