ಗೋವಿನಜೋಳ ಇಂಧನವಾಗುವ ಬಗೆ

ಪ್ರಶ್ನೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ನಾವು ಬೆಳೆಯುವ ಗೋವಿನಜೋಳದಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಆಗುತ್ತದಂತೆ. ಗಟ್ಟಿ ಕಾಳು ಇಂಧನವಾಗುವುದು ಹೇಗೆ?

ಉತ್ತರ: ಒಣ ಕಾಳಿನ ತೂಕದಲ್ಲಿ ಸುಮಾರು ಶೇ 70ರಷ್ಟು ಪಿಷ್ಟವೇ. ಅದು ಗ್ಲೂಕೋಸ್ ಅಣುಗಳು ಬೆಸೆದುಕೊಂಡ ಉದ್ದನೆಯ ಸರಪಳಿ. ಆದರೆ ಎಥೆನಾಲ್ ಮಾಡುವ ಸೂಕ್ಷ್ಮಜೀವಿಯಾದ ಯೀಸ್ಟ್‌ಗೆ ಬೇಕಾದದ್ದು ಬಿಡಿ ಸಕ್ಕರೆ. ಹಿಟ್ಟನ್ನು ನೀರಲ್ಲಿ ಬರೀ ಕುದಿಸಿದರೆ ಗಂಜಿಯಾದೀತು, ಸಕ್ಕರೆಯಾಗದು. ಅಲ್ಲಿ ನೆರವಾಗುವುದು ಕಿಣ್ವಗಳು, ಅಂದರೆ ಜೀವಕೋಶಗಳು ತಯಾರಿಸುವ ವೇಗವರ್ಧಕಗಳು. ಸುಮಾರು 85–90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆಲ್ಫಾ ಅಮೈಲೇಸ್ ಸರಪಳಿಯನ್ನು ತುಂಡರಿಸುತ್ತದೆ, ಗಂಜಿ ತೆಳುವಾಗುತ್ತದೆ. ತಣಿಸಿದ ಮೇಲೆ ಗ್ಲೂಕೋಅಮೈಲೇಸ್ ತುದಿಯಿಂದ ಒಂದೊಂದೇ ಗ್ಲೂಕೋಸನ್ನು ಬಿಡಿಸುತ್ತದೆ. ಕೊನೆಗೆ ಯೀಸ್ಟ್ ತನ್ನೊಳಗಿನ ಕಿಣ್ವಗಳ ಬಲದಿಂದ ಅದನ್ನು ಎಥೆನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹುದುಗಲು ಜೀವಂತ ಕೋಶವೇ ಬೇಕಿಲ್ಲ, ಅದರ ರಸ ಸಾಕು ಎಂದು 1897ರಲ್ಲಿ ತೋರಿಸಿದವರು ಜರ್ಮನಿಯ ಎಡುವರ್ಡ್ ಬುಕ್ನರ್; 1907ರಲ್ಲಿ ಅವರಿಗೆ ನೊಬೆಲ್ ಬಂತು.

ವೇಗವರ್ಧಕವು ಕ್ರಿಯೆಗೆ ಬೇಕಾದ ಆರಂಭದ ಶಕ್ತಿಯನ್ನು ತಗ್ಗಿಸುತ್ತದೆ, ತಾನು ಖರ್ಚಾಗುವುದಿಲ್ಲ. ಹಾಗಾಗಿ ಚೂರು ಕಿಣ್ವ ರಾಶಿ ಕಾಳಿಗೆ ಸಾಕು. ರೊಟ್ಟಿಯನ್ನು ಬಹಳ ಹೊತ್ತು ಅಗಿದಾಗ ಸಿಹಿ ಎನಿಸುವುದೂ ಜೊಲ್ಲಿನಲ್ಲಿರುವ ಅಮೈಲೇಸ್‌ನಿಂದಲೇ. ಅದೇ ಬೆಳೆಗೆ ಹಾಕುವ ಯೂರಿಯಾಕ್ಕೆ ಬೇಕಾದ ಅಮೋನಿಯ ಕೂಡ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಕಬ್ಬಿಣದ ವೇಗವರ್ಧಕದ ನೆರವಿನಿಂದಲೇ ತಯಾರಾಗುತ್ತದೆ.